ಮಾಳಿಗೆ, ಅಂದಾಜುಪಟ್ಟಿ ಮತ್ತು ಸಂಶೋಧನೆ

ಸಂಶೋಧನೆಯ ಆಕರಗಳನ್ನು ಕುರಿತು ನಮ್ಮಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಆದರೆ ಆ ಆಕರಗಳು ಯಾವ ಸೂರಿನಡಿ ಉಳಿದಿವೆ ಎಂಬ ಪ್ರಶ್ನೆ ಸಂಶೋಧನೆಯ ಪರಿಧಿಯೊಳಗೆ ಬಂದದ್ದು ವಿರಳ. ನನಗೆ ಈ ಪ್ರಶ್ನೆ ಎದುರಾದದ್ದು ಒಂದು ಮಳೆಗಾಲದಲ್ಲಿ. ನಾನು ಪಿಎಚ್.ಡಿ. ಅಧ್ಯಯನ ನಡೆಸುತ್ತಿರುವ ವಿಭಾಗದ ಹಸ್ತಪ್ರತಿ ಕೊಠಡಿಯ ಮಾಳಿಗೆ ಸೋರಿ, ಪಾಠಾಂತರಗಳಿಗಾಗಿ ನಾನು ನೋಡುತ್ತಿದ್ದ ಕಾಗದದ ಪ್ರತಿಯೊಂದರ ಹಾಳೆಗಳು ಒಂದಕ್ಕೊಂದು ಅಂಟಿಕೊಂಡವು. ಬಿಡಿಸುವಾಗ ಮಸಿ ಕದಡಿಹೋಯಿತು. ಆ ಪದ್ಯಗಳಿಗೆ ಬೇರೆ ಪ್ರತಿ ನನಗೆ ಈವರೆಗೂ ದೊರೆತಿಲ್ಲ.

ದುರಸ್ತಿಯ ಪ್ರಸ್ತಾವನೆ ಬರೆಯುವ ಹೊಣೆಯನ್ನು ವಿಭಾಗದ ಅಧ್ಯಕ್ಷರು ನನಗೇ ವಹಿಸಿದರು. ಅಂದಾಜುಪಟ್ಟಿಯನ್ನು ಲೋಕೋಪಯೋಗಿ ಇಲಾಖೆಯ ದರಪಟ್ಟಿಯಂತೆ ಸಿದ್ಧಪಡಿಸಬೇಕು; ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿಗಳ ಬಳಿಕ ಟೆಂಡರು; ಕೊನೆಗೆ ಹಣ ಬಳಕೆ ಪ್ರಮಾಣಪತ್ರ. ಈ ಕ್ರಮವನ್ನು ನಾನು ಅಲ್ಲಗಳೆಯುತ್ತಿಲ್ಲ. ಸಾರ್ವಜನಿಕ ಹಣಕ್ಕೆ ಲೆಕ್ಕ ಬೇಕು. ತೊಡಕು ಇದ್ದದ್ದು ‘ಫಲಾನುಭವಿಗಳ ಸಂಖ್ಯೆ’ ಎಂಬ ಅಂಕಣದಲ್ಲಿ. ಆ ವರ್ಷ ಹಸ್ತಪ್ರತಿಗಳನ್ನು ನೋಡಿದವರು ನಾನೂ ಸೇರಿ ಮೂವರು. ಹಾಗೆಯೇ ಬರೆದೆ. ಅದೇ ಸಭೆಯ ಮುಂದಿದ್ದ ಹೊಸ ಸಭಾಂಗಣದ ಪ್ರಸ್ತಾವನೆಯಲ್ಲಿ ವಿಶ್ವವಿದ್ಯಾಲಯದ ಒಟ್ಟು ವಿದ್ಯಾರ್ಥಿಗಳ ಸಂಖ್ಯೆಯನ್ನು ನಮೂದಿಸಲಾಗಿತ್ತು. ಸಭಾಂಗಣಕ್ಕೆ ಅನುಮೋದನೆ ದೊರೆಯಿತು.

ನವೀಕರಣಕ್ಕೆ ಹಣವೇ ಇಲ್ಲವೆನ್ನುವುದು ಸರಿಯಲ್ಲ. 2013ರಲ್ಲಿ ಆರಂಭವಾದ ರೂಸಾ ಯೋಜನೆಯು ಮೂಲಸೌಕರ್ಯದ ಅನುದಾನದಲ್ಲಿ ಶೇ. 35ನ್ನು ಹೊಸ ನಿರ್ಮಾಣಕ್ಕೆ, ಅಷ್ಟನ್ನೇ ನವೀಕರಣಕ್ಕೆ, ಶೇ. 30ನ್ನು ಉಪಕರಣಗಳಿಗೆ ವಿಂಗಡಿಸಿತ್ತು. ಆದರೆ ಇಂತಹ ಅನುದಾನ ಒಮ್ಮೆ ಬರುತ್ತದೆ. ಮಳೆ ಪ್ರತಿವರ್ಷ ಬರುತ್ತದೆ. ಕಟ್ಟಿದ್ದನ್ನು ಕಾಯುವ ವೆಚ್ಚ ವಿಶ್ವವಿದ್ಯಾಲಯದ ಸ್ವಂತ ಆಯವ್ಯಯದ ಮೇಲೆಯೇ ಬೀಳುತ್ತದೆ. ಅಲ್ಲಿ ವೇತನ, ಪಿಂಚಣಿಗಳ ನಂತರ ಮಾಳಿಗೆಯ ಸರದಿ.

ಇಲ್ಲಿ ಮೈಸೂರಿನ ಒಂದು ನಿದರ್ಶನವನ್ನು ಗಮನಿಸಬೇಕು. 1891ರಲ್ಲಿ ಸ್ಥಾಪನೆಗೊಂಡ ಅಲ್ಲಿನ ಪ್ರಾಚ್ಯ ಗ್ರಂಥಾಲಯಕ್ಕೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಒಪ್ಪಿಸಿದ ಓಲೆಪ್ರತಿಯಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿದರು; 1909ರಲ್ಲಿ ಪ್ರಕಟಿಸಿದರು. ಆ ಓಲೆಗರಿಗಳು ಗ್ರಂಥಾಲಯಕ್ಕೆ ಬಂದ ದಿನ ಅವುಗಳ ಫಲಾನುಭವಿಗಳ ಅಂಕಣದಲ್ಲಿ ಎಷ್ಟೆಂದು ಬರೆಯಬಹುದಿತ್ತು? ಬಹುಶಃ ಒಬ್ಬರು. ಹಸ್ತಪ್ರತಿಯ ಓದುಗರು ಮುಂದೆ ಬರುವವರು. ಅವರನ್ನು ಎಣಿಸುವ ಅಂಕಣ ನಮ್ಮ ನಮೂನೆಗಳಲ್ಲಿಲ್ಲ.

ಇದರಲ್ಲಿ ನಮ್ಮ ಪಾಲೂ ಇದೆ. ಗ್ರಂಥಸಂಪಾದನೆಯ ಶಾಸ್ತ್ರವನ್ನು ಕಲಿತ ನಾವು ಅಂದಾಜುಪಟ್ಟಿಯನ್ನು ಓದಲು ಕಲಿಯಲಿಲ್ಲ. ಅದು ಕಚೇರಿಯವರ ಕೆಲಸವೆಂದು ದೂರ ಉಳಿದೆವು. ‘ಮೂವರು’ ಎಂದು ಬರೆದ ನಾನು ಅದರ ಅರ್ಥವನ್ನು ವಿವರಿಸುವ ಒಂದು ವಾಕ್ಯವನ್ನೂ ಸೇರಿಸಿರಲಿಲ್ಲ. ಈ ವರ್ಷದ ಪ್ರಸ್ತಾವನೆಯಲ್ಲಿ ಆ ವಿವರಣೆಯಿದೆ; ಪ್ರತಿಗಳ ಪಟ್ಟಿ ಮತ್ತು ವಾರ್ಷಿಕ ನಿರ್ವಹಣೆಯ ಬೇಡಿಕೆಯೂ ಇವೆ. ಉತ್ತರ ಇನ್ನೂ ಬಂದಿಲ್ಲ.

ನನ್ನ ಮಹಾಪ್ರಬಂಧದಲ್ಲಿ ಆ ಪದ್ಯಗಳ ಜಾಗದಲ್ಲಿ ಚುಕ್ಕಿಗಳಿವೆ. ವಾಡಿಕೆಯಂತೆ ‘ತ್ರುಟಿತ’ ಎಂದಷ್ಟೇ ಬರೆದರೆ ಓದುಗರು ಅದನ್ನು ಹುಳುವಿನ ಅಥವಾ ಕಾಲದ ಕೆಲಸವೆಂದು ಭಾವಿಸಿಯಾರು. ಆದ್ದರಿಂದ ಮಳೆಗೆ ನೆನೆದು ಅಳಿದುದೆಂದು, ವರ್ಷ ಸಹಿತ, ನಮೂದಿಸಿದ್ದೇನೆ.