ಗೆದ್ದಾಗ ನಾವು, ಸೋತಾಗ ಅವನು

‘ನಾವು’, ‘ಅವನು’ ಎಂಬ ಎರಡು ಪುಟ್ಟ ಪದಗಳು ಕೆಲವೊಮ್ಮೆ ಮನುಷ್ಯನ ಅಂತರಂಗವನ್ನೇ ಹೊರಗೆಡಹುತ್ತವೆ. 2025ರ ಸೆಪ್ಟೆಂಬರ್ ತಿಂಗಳಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿರುವ ಮಗಳ ಮನೆಯಲ್ಲಿ ತಂಗಿದ್ದಾಗ ಈ ಮಾತು ನನಗೆ ಮನವರಿಕೆಯಾಯಿತು.

ಅಲ್ಲಿ ಫುಟ್‌ಬಾಲ್ ಎಂದರೆ ನಾವು ಬಲ್ಲ ಕಾಲ್ಚೆಂಡಾಟವಲ್ಲ. ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟವದು. ಕಣದಲ್ಲಿ ತಂಡದ ಹನ್ನೊಂದು ಮಂದಿಯಿದ್ದರೂ ಬಹುತೇಕ ಪ್ರತಿ ದಾಳಿಯೂ ಕ್ವಾರ್ಟರ್‌ಬ್ಯಾಕ್ ಎಂಬ ಒಬ್ಬನ ಕೈಯಿಂದ ಆರಂಭವಾಗುತ್ತದೆ. ಎದುರಾಳಿಗಳು ಮೈಮೇಲೆ ಬೀಳುವ ಮುನ್ನ, ಎರಡು ಮೂರು ಸೆಕೆಂಡುಗಳೊಳಗೆ, ಚೆಂಡನ್ನು ಯಾರಿಗೆ ಎಸೆಯಬೇಕೆಂದು ಅವನು ನಿರ್ಧರಿಸಬೇಕು. ಅವನನ್ನು ಕಾಯಬೇಕಾದವರು ಸೋತರೂ, ಚೆಂಡು ಹಿಡಿಯಬೇಕಾದವನು ಬೇರೆಡೆಗೆ ಓಡಿದರೂ, ಪ್ರೇಕ್ಷಕರ ಕಣ್ಣಿಗೆ ಬೀಳುವುದು ಎಸೆದವನ ಕೈ ಮಾತ್ರ.

ಟೆಕ್ಸಾಸ್ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ ಆರ್ಚ್ ಮ್ಯಾನಿಂಗ್‌ಗೆ ಆಗ 21 ವರ್ಷ. ಅವನ ಚಿಕ್ಕಪ್ಪಂದಿರಾದ ಪೇಟನ್ ಮತ್ತು ಈಲೈ, ವೃತ್ತಿಪರ ಫುಟ್‌ಬಾಲಿನ ಅತ್ಯುನ್ನತ ಪಂದ್ಯವಾದ ಸೂಪರ್ ಬೌಲ್ ಅನ್ನು ತಲಾ ಎರಡು ಬಾರಿ ಗೆದ್ದವರು. ಆ ಹೆಸರಿನ ಭಾರ ಸಾಲದೆಂಬಂತೆ, ಒಂದು ಪಂದ್ಯವನ್ನೂ ಆಡುವ ಮೊದಲೇ ಅವನ ತಂಡಕ್ಕೆ ದೇಶದ ಮೊದಲ ಸ್ಥಾನವನ್ನು ನೀಡಲಾಗಿತ್ತು. ಆಗಸ್ಟ್ 30ರಂದು ಒಹಾಯೊ ಸ್ಟೇಟ್ ತಂಡದೆದುರು 14–7ರಿಂದ ಸೋಲಾಯಿತು. ಸೆಪ್ಟೆಂಬರ್ 13ರಂದು ಎಲ್ ಪಾಸೊ ನಗರದ ತಂಡದೆದುರು, ಸ್ವಂತ ಮೈದಾನದಲ್ಲಿಯೇ, ಅವನ ಹತ್ತು ಎಸೆತಗಳು ಒಂದರ ಹಿಂದೊಂದು ವಿಫಲವಾದವು. ಆಗ ಛೀಮಾರಿಯ ಕೂಗೆಬ್ಬಿಸಿದವರು ಎದುರಾಳಿ ಪಕ್ಷದವರಲ್ಲ. ಅವನ ತಂಡದ ಬಣ್ಣವನ್ನೇ ತೊಟ್ಟು ಬಂದವರು. ಆ ದಿನ ತಂಡವು 27–10ರಿಂದ ಗೆದ್ದಿತೆಂಬುದನ್ನು ಗಮನಿಸಬೇಕು.

ಜೊತೆಗೆ ಕುಳಿತು ನೋಡುತ್ತಿದ್ದ ಅಳಿಯ ಹೇಳಿದರು: “ಮಾವ, 2021ರಿಂದ ಕಾಲೇಜು ಆಟಗಾರರೂ ಜಾಹೀರಾತುಗಳಿಂದ ಹಣ ಗಳಿಸಬಹುದು. ಈ ವರ್ಷ ಜುಲೈಯಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದು. ಹಣ ಪಡೆದ ಮೇಲೆ ನಾಲ್ಕು ಮಾತನ್ನೂ ಕೇಳಬೇಕಲ್ಲವೇ?” ತಳ್ಳಿಹಾಕುವಂಥ ಪ್ರಶ್ನೆಯಲ್ಲ. ಕಾಲಿನ ನಿಲುವು ಸರಿಯಿಲ್ಲ, ಎಸೆಯುವಾಗ ಆತುರಪಡುತ್ತಾನೆ ಎಂದು ಬಲ್ಲವರು ಹೇಳಿದರೆ ಅದು ವಿಮರ್ಶೆ. ಅದು ಕಟುವಾಗಿದ್ದರೂ ತಿದ್ದಿಕೊಳ್ಳಲು ಎಡೆಗೊಡುತ್ತದೆ. ಛೀಮಾರಿಯಿಂದ ಯಾವ ಎಸೆತವೂ ತಿದ್ದಲ್ಪಡುವುದಿಲ್ಲ. ಹಣವನ್ನು ಕೊಟ್ಟದ್ದು ಅವನ ಆಟಕ್ಕೆ, ಅವನ ಮಾನಕ್ಕಲ್ಲ.

ಈ ಕುಟುಂಬಕ್ಕೆ ಇದು ಹೊಸತೂ ಅಲ್ಲ. ಆರ್ಚ್‌ನ ತಾತ ಆರ್ಚೀ ಮ್ಯಾನಿಂಗ್ ನ್ಯೂ ಆರ್ಲಿಯನ್ಸ್ ನಗರದ ವೃತ್ತಿಪರ ತಂಡದ ಕ್ವಾರ್ಟರ್‌ಬ್ಯಾಕ್ ಆಗಿದ್ದರು. 1980ರಲ್ಲಿ ಆ ತಂಡವು 16 ಪಂದ್ಯಗಳಲ್ಲಿ 15ನ್ನು ಸೋತಿತು. ಅಭಿಮಾನಿಗಳು ಕಣ್ಣಿಗೆಂದು ತೂತು ಕೊರೆದ ಕಾಗದದ ಚೀಲಗಳನ್ನು ತಲೆಗೆ ಹಾಕಿಕೊಂಡು ಮೈದಾನಕ್ಕೆ ಬಂದರು. ಮುಖ ಮರೆಸಿಕೊಳ್ಳುವ ಅನುಕೂಲ ನೋಡುವವರಿಗಿತ್ತು, ಆಡುವವನಿಗಿರಲಿಲ್ಲ.

ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಅಮೆರಿಕದ ಕಾಲೇಜುಗಳ ಫುಟ್‌ಬಾಲ್ ಅಭಿಮಾನವನ್ನೇ ಕುರಿತದ್ದು. ತಮ್ಮ ತಂಡ ಗೆದ್ದ ನಂತರದ ಸೋಮವಾರ, ಕಾಲೇಜಿನ ಹೆಸರುಳ್ಳ ಉಡುಪು ತೊಟ್ಟ ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚಾಗಿತ್ತು. ಗೆದ್ದ ಪಂದ್ಯವನ್ನು ವರ್ಣಿಸುವಾಗ ‘ನಾವು’ ಎಂಬ ಪದ ಅವರ ಬಾಯಲ್ಲಿ ಹೆಚ್ಚಾಗಿ ಬಂದಿತು. ಸೋತ ಪಂದ್ಯದ ಮಾತು ಬಂದಾಗ ಅದು ಹಿಂದೆ ಸರಿಯಿತು. ಗೆಲುವಿನಲ್ಲಿ ಪಾಲು ಕೇಳುವ ನಾವು ಸೋಲಿನ ಹೊರೆಯನ್ನು ಒಬ್ಬನ ಹೆಗಲಿಗೇರಿಸಿ ದೂರ ನಿಲ್ಲುತ್ತೇವೆ.

ಅದೇ ವರ್ಷ ನವೆಂಬರ್ 28ರಂದು, ಅಲ್ಲಿಯವರೆಗೆ ಸೋಲನ್ನೇ ಕಾಣದಿದ್ದ ಟೆಕ್ಸಾಸ್ ಎ ಆ್ಯಂಡ್ ಎಂ ತಂಡವನ್ನು ಆರ್ಚ್‌ನ ತಂಡ 27–17ರಿಂದ ಮಣಿಸಿತು. ಆ ವೇಳೆಗೆ ನಾನು ಊರಿಗೆ ಮರಳಿದ್ದೆ. ದೂರವಾಣಿಯಲ್ಲಿ ಅಳಿಯನ ದನಿ ಉತ್ಸಾಹದಿಂದ ಕೇಳಿಸಿತು: “ಗೆದ್ದೆವು, ಮಾವ!” ಕ್ರಿಯಾಪದದ ಕೊನೆಯಲ್ಲಿ ‘ನಾವು’ ಸದ್ದಿಲ್ಲದೆ ಬಂದು ಕುಳಿತಿತ್ತು. ಅವರ ಸಂತೋಷ ಸಹಜವಾದದ್ದೇ. ಸೆಪ್ಟೆಂಬರ್‌ನಲ್ಲಿಯೂ ಆ ‘ನಾವು’ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಆಟ ನೋಡುವ ಕೋಣೆಯಲ್ಲಿ ಮಕ್ಕಳೂ ಕುಳಿತಿರುತ್ತಾರೆ. ಅವರು ಪರದೆಯನ್ನು ನೋಡುವಷ್ಟೇ ಗಮನವಿಟ್ಟು ನಮ್ಮ ಮಾತನ್ನೂ ಕೇಳುತ್ತಾರೆ. ತಪ್ಪಿದ ಹುಡುಗನೊಬ್ಬನ ಕುರಿತು ಹಿರಿಯರು ಏನು ಹೇಳುತ್ತಾರೋ, ನಾಳೆ ತಾವು ತಪ್ಪಿದಾಗ ಅದನ್ನೇ ಕೇಳಬೇಕಾದೀತೆಂದು ಮನಸ್ಸಿನಲ್ಲಿಯೇ ಲೆಕ್ಕ ಹಾಕುತ್ತಾರೆ. ‘ಈ ಸಲ ನಾವು ಸೋತೆವು’ ಎಂಬ ಮಾತು ಮನೆಯಲ್ಲಿ ಒಮ್ಮೆಯಾದರೂ ಅವರ ಕಿವಿಗೆ ಬೀಳಲಿ. ಸೋತು ಬಂದ ದಿನ ಆ ಮಕ್ಕಳು ಮುಖ ಮರೆಸಿಕೊಳ್ಳದೆ ನಮ್ಮ ಬಳಿಗೆ ಬರುವಂತಾಗಲಿ.