ಮಜಲು ಗದ್ದೆಯ ತೆನೆ

ನಮ್ಮ ವಡ್ಲಿಮಾಯಿಗೆ, ಅಂದರೆ ಅಪ್ಪನ ಅಮ್ಮನಿಗೆ, ಕ್ರಿಸ್ಮಸ್ಸಿಗಿಂತ ದೊಡ್ಡದು ಸೆಪ್ಟೆಂಬರ್ 8ರ ತೆನೆಹಬ್ಬ. ಮರಿಯಮ್ಮನವರ ಹುಟ್ಟುಹಬ್ಬ ಅದು. ಕೊಂಕಣಿಯಲ್ಲಿ ಮೋಂತಿ ಫೆಸ್ತ್. ಫರಂಗಿಪೇಟೆಯ ಮೋಂತೆ ಮರಿಯಾನೊ ಇಗರ್ಜಿಯಲ್ಲಿ ಜೋಕಿಂ ಮಿರಾಂದ ಎಂಬ ಪಾದ್ರಿಗಳು 1763ರಲ್ಲಿ ಶುರುಮಾಡಿದ್ದೆಂದು ಹಿರಿಯರು ಹೇಳುತ್ತಾರೆ. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ಒಯ್ದು ಬಾಲ ಮರಿಯಮ್ಮನಿಗೆ ಹಾಕಬೇಕು. ಹಬ್ಬದ ದಿನ ಹೊಸ ಭತ್ತದ ತೆನೆಗೆ ಆಶೀರ್ವಾದ, ಮಕ್ಕಳ ಕೈಗೆ ಕಬ್ಬು.

ಆ ಸಲ ಇಗರ್ಜಿಗೆ ತೆನೆ ಕೊಡುವ ಸರದಿ ನಮ್ಮದು. ವರ್ಷ ಯಾವುದೋ ನೆನಪಿಲ್ಲ, ಮಳೆ ಮಾತ್ರ ಚೆನ್ನಾಗಿ ನೆನಪುಂಟು. ಸೋಣ ತಿಂಗಳಲ್ಲಿ ಬಿಸಿಲು ಬೀಳಬೇಕಾದ ಹೊತ್ತಿಗೆ ಆಟಿಯ ಹಾಗೆ ಸುರಿಯಿತು. ನಮ್ಮದು ಬೈಲುಗದ್ದೆ. ತೋಡು ಉಕ್ಕಿ, ಬಗ್ಗಿದ ಪೈರು ಕೆಸರಿನೊಳಗೆ ಹೋಯಿತು. ವಡ್ಲಿಮಾಯಿ ಜಗಲಿಯಲ್ಲಿ ಕೂತು ಗದ್ದೆಯನ್ನೇ ನೋಡುತ್ತಿದ್ದಳು. ಊಟ ಸೇರಲಿಲ್ಲ ಅವಳಿಗೆ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಆಚೆಮನೆಯ ಭಟ್ಟರು ಗೊರಬೆ ಹೊದ್ದುಕೊಂಡು ಬಂದರು. ಅವರ ಮಜಲು ಗದ್ದೆಗೆ ನೀರು ಏರಿರಲಿಲ್ಲ. ಬಾಳೆ ಎಲೆಯಲ್ಲಿ ಸುತ್ತಿದ ತೆನೆಕಟ್ಟು ಜಗಲಿಯ ಮೇಲಿಟ್ಟು, "ಬಾಯಮ್ಮ, ನಿಮ್ಮಲ್ಲಿ ಇದರ ಶಾಸ್ತ್ರ ಎಂತ ಉಂಟೋ ನನಗೆ ಗೊತ್ತಿಲ್ಲ. ನಾನು ಮಿಂದೇ ಕೊಯ್ದೆ," ಅಂದರು.

ಭಟ್ಟರು ನಮ್ಮ ಮನೆಯಲ್ಲಿ ಕಾಫಿ ಬಿಡಿ, ನೀರೂ ಕುಡಿಯುವವರಲ್ಲ. ಅವರ ಮಡಿ ಅಷ್ಟು ಕಟ್ಟುನಿಟ್ಟು. ವಡ್ಲಿಮಾಯಿ ಅದನ್ನು ಅವಮಾನ ಅಂದುಕೊಂಡದ್ದನ್ನು ನಾನು ಕಾಣೆ. ಅವರು ಬಂದರೆಂದರೆ ಚಿಕ್ಕಪ್ಪನಿಗೆ ಬೊಂಡ ಕೀಳಲು ಹೇಳುವಳು. ಬೊಂಡಕ್ಕೆ ಮೈಲಿಗೆ ಇಲ್ಲವಲ್ಲ. ಜಗಲಿಯಲ್ಲಿ ಕೂತು ಕುಡಿದು, ಅಡಿಕೆಯ ರೇಟು ಮಾತಾಡಿ ಹೋಗುವರು. ಇದೇ ವಡ್ಲಿಮಾಯಿ ಸಂಜೆಯ ತೇರ್ಸು ಒಂದು ದಿನ ತಪ್ಪಿಸಿದವಳಲ್ಲ. ಜ್ವರ ಬಂದರೂ ಮೊಣಕಾಲೂರಿಯೇ ಜಪಮಣಿ ಎಣಿಸುವಳು. ತನ್ನ ದೇವರ ಮೇಲೆ ಅಷ್ಟು ಗಟ್ಟಿ ವಿಶ್ವಾಸ ಇದ್ದುದರಿಂದಲೇ ಇನ್ನೊಬ್ಬರ ನೇಮ ಅವಳಿಗೆ ಭಾರವಾಗಲಿಲ್ಲ ಎಂದೇ ನಾನು ನಂಬಿದ್ದೇನೆ.

ಹಬ್ಬದ ದಿನ ಪೂಜೆಯಲ್ಲಿ ಓದುವುದು ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯ, ಯೇಸುವಿನ ವಂಶಾವಳಿ. ಇಂಥವನು ಇಂಥವನ ತಂದೆ ಅಂತ ಹೆಸರು ಮುಗಿಯುವುದೇ ಇಲ್ಲ, ಮಕ್ಕಳಿಗೆ ತೂಕಡಿಕೆ. ಆ ಹೊತ್ತು ಪ್ರಸಂಗ ಮಾಡಿದ್ದು ನಮ್ಮ ವಿಗಾರರೋ, ಹೊರಗಿನಿಂದ ಬಂದ ಪಾದ್ರಿಗಳೋ, ಸರಿಯಾಗಿ ಹೇಳಲಾರೆ. ಅವರು ರೂತಳ ಹೆಸರಿನಲ್ಲಿ ನಿಂತರು. ಮೊವಾಬಿನವಳು, ಹುಟ್ಟಿ ಬೆಳೆದ ಊರು ಬೇರೆ, ಅಲ್ಲಿಯ ದೇವರುಗಳು ಬೇರೆ. ಗಂಡ ಸತ್ತ ಮೇಲೆ ಅತ್ತೆಯ ಸಂಗಡ ಬೆತ್ಲೆಹೇಮಿಗೆ ಬಂದು, ಬೋವಜನ ಹೊಲದಲ್ಲಿ ಕೊಯ್ಲಿನವರ ಹಿಂದೆ ಬಿದ್ದ ತೆನೆ ಆಯ್ದವಳು. ಅಂಥವಳ ಹೆಸರನ್ನು ಸುವಾರ್ತೆ ಮುಚ್ಚಿಡಲಿಲ್ಲ, ಎಲ್ಲರೆದುರು ಓದಿಸುತ್ತದೆ ಅಂದರು. ವಡ್ಲಿಮಾಯಿ ನನ್ನನ್ನು ಮೊಣಕೈಯಿಂದ ತಿವಿದು ಎಬ್ಬಿಸಿ, "ತೆನೆ ಕಥೆ, ಕೇಳು," ಅಂದಳು.

ಅಂದು ನಮ್ಮಲ್ಲಿ ಮೀನಿಲ್ಲ, ಮಾಂಸವಿಲ್ಲ. ಬಾಳೆ ಎಲೆಯ ಮೇಲೆ ಹೀರೆ, ಬೆಂಡೆ, ಹೆಸರುಕಾಳು, ಅಂಬಟೆ ಹಾಕಿದ ಕೆಸುವಿನ ದಂಟು ಮೊದಲಾದವು. ಪದಾರ್ಥದ ಲೆಕ್ಕ ಬೆಸವೇ ಆಗಬೇಕು. ತೆನೆಯ ಕಾಳು ಸುಲಿದು ಅರೆದು ಕಾಯಿಹಾಲಿಗೆ ಸೇರಿಸಿ ಮೊದಲು ಎಲ್ಲರಿಗೂ ಒಂದೊಂದು ಗುಟುಕು. ಒಲೆ ಹೊತ್ತಿಸುವ ಮೊದಲೇ ವಡ್ಲಿಮಾಯಿ ಅದೇ ತರಕಾರಿಯಲ್ಲಿ ಒಂದು ಪಾಲು ಹಸಿಯಾಗಿ ಎತ್ತಿಟ್ಟಿದ್ದಳು. ಕಬ್ಬು, ತೆಂಗಿನಕಾಯಿ ಸೇರಿಸಿ, ಹೊಸ ಬುಟ್ಟಿಯಲ್ಲಿಟ್ಟು ಭಟ್ಟರ ಮನೆಗೆ ಕಳಿಸಿದಳು. ಬೇಯಿಸುವುದು ಅವರ ಒಲೆಯ ಮೇಲೆ.

ಪ್ರತಿವರ್ಷದಂತೆ ಒಂದು ತೆನೆ ಲಕೋಟೆಯಲ್ಲಿ ಬೊಂಬಾಯಿಯ ದೊಡ್ಡಪ್ಪನಿಗೂ ಹೋಯಿತು. ಅವರ ಕಾಗದ ಬಂತು: ಈ ಸಲ ಕಾಳು ಒಳ್ಳೆ ಗಟ್ಟಿ ಉಂಟು, ಗೊಬ್ಬರ ಎಂತ ಹಾಕಿದ್ದು? ವಡ್ಲಿಮಾಯಿ ಭಟ್ಟರನ್ನು ಕರೆಸಿ ಕಾಗದ ಓದಿಸಿದಳು. ಭಟ್ಟರು ಬೊಂಡ ಕೆಳಗಿಟ್ಟು, "ಸುಡುಮಣ್ಣು ಮತ್ತೆ ಹಟ್ಟಿಗೊಬ್ಬರ ಅಂತ ಬರಿ ಮಗಾ," ಎಂದು ನನ್ನ ಕೈಗೆ ಪೆನ್ನು ಕೊಟ್ಟರು.