ನಮ್ಮ ಓಮ್ನಿ ತಲೆ ಮೇಲೆ ಸೋಲಾರ್

ಬಸವೇಶ್ವರನಗರದ ನಮ್ಮ ಮನೆ ಮುಂದೆ ಒಂದು ಹೊಂಗೆ ಮರ ಇದೆ. ಅದರ ನೆರಳಿಗಾಗಿ ಬೀದಿಯ ಕಾರುಗಳೆಲ್ಲ ಪೈಪೋಟಿ ನಡೆಸುತ್ತವೆ. ನಮ್ಮ ಬಿಳಿ ಓಮ್ನಿ ಮಾತ್ರ ಎರಡು ಮನೆ ಆಚೆ, ಸುಡುಬಿಸಿಲಲ್ಲಿ ನಿಂತಿರುತ್ತೆ. "ಊರೋರೆಲ್ಲ ನೆರಳು ಹುಡುಕಿದ್ರೆ ಅಪ್ಪ ಮಗಳು ಬಿಸಿಲು ಹುಡುಕ್ತೀರಲ್ಲ" ಅಂತ ಅಮ್ಮ ದಿನಕ್ಕೊಮ್ಮೆಯಾದರೂ ಅನ್ನುತ್ತಾಳೆ. ಕಾರಣ ಇಷ್ಟೇ, ಓಮ್ನಿಯ ತಲೆ ಮೇಲೆ ಎರಡು ಸೋಲಾರ್ ಪ್ಯಾನೆಲ್ ಇವೆ. ಅವು ಅಲ್ಲಿ ಗಟ್ಟಿಯಾಗಿ ಕೂತ ಕಥೆ ಇದು. ಕೂರುವ ಮೊದಲು ಒಂದು ಸಲ ಹಾರಿಹೋಗುವುದರಲ್ಲಿದ್ದವು. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಅಮ್ಮನಿಗೆ ಸಕ್ಕರೆ ಕಾಯಿಲೆ, ದಿನಕ್ಕೆರಡು ಸಲ ಇನ್ಸುಲಿನ್. ಇನ್ನೂ ತೆರೆಯದ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಹಾಗಂತ ಹೆಪ್ಪುಗಟ್ಟಲೂ ಬಾರದು, ಆದ್ದರಿಂದ ಐಸ್ ತುಂಬಿದ ಡಬ್ಬಿಯಲ್ಲಿ ನೇರವಾಗಿ ಹೂತಿಡುವ ಹಾಗಿಲ್ಲ. ನಾಲ್ಕೈದು ದಿನದ ಪ್ರವಾಸ ಅಂದರೆ ಸಾಕು, "ನೀವು ಹೋಗಿ ಬನ್ನಿ, ನಾನು ಮನೇಲಿರ್ತೀನಿ" ಅನ್ನೋದು ಅವಳ ಉತ್ತರ. ಹೊರನಾಡಿನ ಅನ್ನಪೂರ್ಣೇಶ್ವರಿಯನ್ನು ನೋಡಬೇಕೆಂಬ ಆಸೆ ಹೀಗೇ ಏಳು ವರ್ಷ ಮುಂದಕ್ಕೆ ಹೋಗಿತ್ತು.

ಅಪ್ಪನದು ಬೇರೆ ಕಥೆ. ಕೆಂಗೇರಿಯ ಕೆಎಸ್‌ಆರ್‌ಟಿಸಿ ವರ್ಕ್‌ಶಾಪಿನಲ್ಲಿ ಬಸ್ಸಿನ ಬಾಡಿ ಕಟ್ಟುವ ವಿಭಾಗದಲ್ಲಿ ಮೂವತ್ತು ವರ್ಷ ದುಡಿದವರು. ನಿವೃತ್ತಿಯಾದ ಮೇಲೆ ಮಂಡಿ ನೋವು, ಟೀವಿ, ಪೇಪರು ಇಷ್ಟೇ ಆಗಿಹೋಗಿತ್ತು. ನಾನು ಮನೆಯಿಂದಲೇ ಕೆಲಸ ಮಾಡುವ ಸಾಫ್ಟ್‌ವೇರ್ ಇಂಜಿನಿಯರ್. ಓಮ್ನಿಯ ಹಿಂದಿನ ಸೀಟು ಮಡಚಿ, ಮೇಲೆ ಹಲಗೆ ಹಾಸಿದರೆ ಇಬ್ಬರು ಮಲಗಬಹುದು, ಒಂದು ಚಿಕ್ಕ 12 ವೋಲ್ಟ್ ಫ್ರಿಜ್ ಇಟ್ಟರೆ ಅಮ್ಮನ ಚಿಂತೆಯೂ ಮುಗಿಯಿತು ಅಂತ ಲೆಕ್ಕ ಹಾಕಿದೆ. ಇಂಥ ಫ್ರಿಜ್ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 300ರಿಂದ 400 ವ್ಯಾಟ್-ಅವರ್ ತಿನ್ನುತ್ತೆ. ನಮ್ಮ ಕಡೆಯ ಬಿಸಿಲಿಗೆ 100 ವ್ಯಾಟ್‌ನ ಒಂದು ಪ್ಯಾನೆಲ್ ಒಳ್ಳೆಯ ದಿನದಲ್ಲಿ ಹೆಚ್ಚುಕಮ್ಮಿ ಅಷ್ಟೇ ಕೊಡುತ್ತೆ. ಮೋಡದ ದಿನಕ್ಕೂ ಇರಲಿ ಅಂತ ಎರಡು ಪ್ಯಾನೆಲ್ ತಂದೆ. ಒಂದೊಂದೂ ಸುಮಾರು ಒಂದು ಮೀಟರ್ ಉದ್ದ, ಮುಕ್ಕಾಲು ಮೀಟರಿಗಿಂತ ಸ್ವಲ್ಪ ಕಮ್ಮಿ ಅಗಲ, ಎಂಟು ಕೆಜಿ ತೂಕ.

ಇನ್ನು ಅವನ್ನು ಕೂರಿಸಬೇಕು. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್‌ಗಳು ನೆಲಕ್ಕೆ ಹೂತ ಕಂಬಗಳ ಮೇಲೆ ನಿಂತಿವೆ. ಮನೆ ತಾರಸಿಯಾದರೆ ಕಾಂಕ್ರೀಟ್ ಇದೆ. ಓಡೋ ಗಾಡಿಗೆ ಇರೋದು ತೆಳ್ಳನೆಯ ತಗಡು. ಅದಕ್ಕೆ ತೂತು ಕೊರೆದರೆ ಮಳೆ ನೀರು, ತುಕ್ಕು. ಆದ್ದರಿಂದ ಅಂಟಿಸೋದೇ ಸರಿ ಅಂದುಕೊಂಡೆ. ಪ್ಯಾನೆಲ್‌ನ ನಾಲ್ಕು ಮೂಲೆಗೆ ಸಿಕ್ಕಿಸುವ ಪ್ಲಾಸ್ಟಿಕ್ ಮೂಲೆಕಟ್ಟು ತರಿಸಿದೆ. ಬಸ್ಸಿನ ಮುಂದಿನ ಗಾಜು ಕೂರಿಸಲು ಬಳಸುವ ಜಾತಿಯ ಪಾಲಿಯುರೆಥೇನ್ ಅಂಟು ತಂದೆ. ಸ್ಪಿರಿಟ್ ಹಾಕಿ ಒರೆಸಿ, ದಪ್ಪಗೆ ಅಂಟು ಹಚ್ಚಿ ಕೂರಿಸಿದೆ. ಈ ಅಂಟು ಗಾಳಿಯ ತೇವ ಹೀರಿಕೊಂಡು ಹೊರಗಿನಿಂದ ಒಳಕ್ಕೆ ದಿನಕ್ಕೆ ಮೂರು ಮಿಲಿಮೀಟರ್ ಹಾಗೆ ಒಣಗುತ್ತೆ. ಆತುರ ಪಡದೆ ಐದು ದಿನ ಕಾದೆ. ಅಪ್ಪ ಬಂದು ಎರಡು ಸಲ ಅಲ್ಲಾಡಿಸಿ ನೋಡಿದರು. ಕದಲಲಿಲ್ಲ. "ಹೂಂ" ಅಂದರು. ಆ "ಹೂಂ"ನಲ್ಲಿ ಪೂರ್ತಿ ಒಪ್ಪಿಗೆ ಇರಲಿಲ್ಲ ಅಂತ ಈಗ ಅನ್ನಿಸುತ್ತೆ.

ಭಾನುವಾರ ಬೆಳಿಗ್ಗೆ ಪ್ರಯೋಗಕ್ಕೆ ಹೊರಟೆವು. ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆ, ಸುಂಕದಕಟ್ಟೆ ದಾಟಿ ನೈಸ್ ರಸ್ತೆ ಹಿಡಿದು ಕೆಂಗೇರಿಗೆ. ಮಾಗಡಿ ರಸ್ತೆಯ ಹಳ್ಳ ದಿಣ್ಣೆಗಳಲ್ಲಿ ಏನೂ ಆಗಲಿಲ್ಲ. ನೈಸ್ ರಸ್ತೆಯಲ್ಲಿ ವೇಗ 70 ದಾಟಿದಾಗ ತಲೆ ಮೇಲೆ ಒಂದು ಸಿಳ್ಳೆಯ ಸದ್ದು. ಆಮೇಲೆ ಪಟಪಟ. ನಾನು ಗಾಳಿ ಇರಬೇಕು ಅಂದುಕೊಂಡೆ. ಅಷ್ಟರಲ್ಲಿ ಹಿಂದೆ ಬರುತ್ತಿದ್ದ ಸ್ಕೂಟರೊಂದು ಹಾರ್ನ್ ಹೊಡೆಯುತ್ತಾ ಪಕ್ಕಕ್ಕೆ ಬಂತು. ಗಂಡ ಹೆಂಡತಿ, ನಡುವೆ ಪುಟ್ಟ ಮಗು. "ಮೇಡಂ, ಮೇಲೆ ಏನೋ ಎದ್ದೇಳ್ತಾ ಇದೆ, ನಿಲ್ಸಿ ನಿಲ್ಸಿ" ಅಂತ ಆತ ಕೈ ಮಾಡಿ ತೋರಿಸಿದ.

ನಿಲ್ಲಿಸಿ ನೋಡಿದರೆ ಮುಂದಿನ ಎಡಮೂಲೆ ಪೂರಾ ಕಿತ್ತು ಬಂದಿತ್ತು. ಅಂಟು ಬಿಟ್ಟಿರಲಿಲ್ಲ, ಬಿಟ್ಟಿದ್ದು ಬಣ್ಣ. ಎರಡು ವರ್ಷದ ಹಿಂದೆ ಓಮ್ನಿಗೆ ಹೊಸ ಬಣ್ಣ ಹೊಡೆಸಿದ್ದೆವು. ಹಳೇ ತುಕ್ಕಿನ ಮೇಲೆ ಪುಟ್ಟಿ ಮೆತ್ತಿ, ಅದರ ಮೇಲೆ ಬಣ್ಣ. ನನ್ನ ಗಟ್ಟಿ ಅಂಟು ಆ ಬಣ್ಣವನ್ನು ಬಿಗಿಯಾಗಿ ಹಿಡಿದಿತ್ತು, ಬಣ್ಣ ತಗಡನ್ನು ಹಿಡಿದಿರಲಿಲ್ಲ. ಮೂಲೆಕಟ್ಟಿನ ತಳದಲ್ಲಿ ಅಂಗೈಯಗಲದ ಬಿಳಿ ಚಕ್ಕೆ ಅಂಟಿಕೊಂಡೇ ಇತ್ತು. ಇನ್ನೊಂದು ನಿಮಿಷ ತಡವಾಗಿದ್ದರೆ ಎಂಟು ಕೆಜಿಯ ಗಾಜಿನ ಹಲಗೆ ಆ ಮಗುವಿನ ಕಡೆ ಹಾರುತ್ತಿತ್ತು. ನನ್ನ ಕೆಲಸದಲ್ಲಿ ಕೋಡ್ ತಪ್ಪಿದರೆ ಹಿಂದಕ್ಕೆ ತಗೊಂಡು ಸರಿಮಾಡಬಹುದು. ಇದನ್ನು ಹಿಂದಕ್ಕೆ ತಗೊಳ್ಳೋಕೆ ಆಗ್ತಿರಲಿಲ್ಲ. ನನ್ನ ಕೈ ನಡುಗುತ್ತಿತ್ತು. ಅಪ್ಪ ಒಂದು ಮಾತೂ ಬೈಯಲಿಲ್ಲ. ಡಿಕ್ಕಿಯಿಂದ ಹಗ್ಗ ತೆಗೆದು, ಎರಡೂ ಕಡೆಯ ಬಾಗಿಲೊಳಗಿಂದ ಸುತ್ತಿ, ಹಳೇ ಕಾಲದ ಬಸ್ ಟಾಪಿನ ಲಗೇಜ್ ಕಟ್ಟೋ ಹಾಗೆ ಬಿಗಿದರು. ಇಪ್ಪತ್ತರ ವೇಗದಲ್ಲಿ ಅಂಚಿಗೆ ಹೋಗುತ್ತಾ ಕೆಂಗೇರಿ ಸೇರಿದೆವು.

ಅಲ್ಲಿ ಟೀ ಕುಡಿಯುವಾಗ ಅಪ್ಪ ಹೇಳಿದ್ದು ಇಷ್ಟು: "ಬಸ್ಸಿನ ಕ್ಯಾರಿಯರ್ ತಗಡಿನ ಮೇಲೆ ನಿಂತಿರಲ್ಲ ಕಣಮ್ಮ, ಕೆಳಗಿರೋ ಪಿಲ್ಲರ್ ಮೇಲೆ ನಿಂತಿರುತ್ತೆ. ತಗಡು ಇರೋದು ಮಳೆಗೆ. ಭಾರಕ್ಕೆ ಅಲ್ಲ."

ಆ ರಾತ್ರಿ ಮೊದಲೇ ಹಾಕಬೇಕಿದ್ದ ಲೆಕ್ಕ ಹಾಕಿದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಗಾಳಿಯ ಒತ್ತಡ ಒಂದು ಚದರ ಮೀಟರಿಗೆ ಸುಮಾರು 30 ಕೆಜಿ. ಎದುರುಗಾಳಿ, ಪಕ್ಕದಲ್ಲಿ ನುಗ್ಗುವ ಲಾರಿಯ ಗಾಳಿ ಸೇರಿ 120 ಆಯಿತು ಅನ್ನಿ, ಆಗ 68 ಕೆಜಿ. ವೇಗ ಒಂದೂವರೆ ಪಟ್ಟಾದರೆ ಒತ್ತಡ ಎರಡೂಕಾಲು ಪಟ್ಟಾಗುತ್ತೆ. ನಮ್ಮ ಎರಡು ಪ್ಯಾನೆಲ್ ಸೇರಿ ಸುಮಾರು 1.3 ಚದರ ಮೀಟರ್. ಅಂದರೆ 16 ಕೆಜಿ ತೂಕದ ಹಲಗೆಗಳನ್ನು ಗಾಳಿ ಹತ್ತಿರಹತ್ತಿರ 90 ಕೆಜಿ ಬಲದಿಂದ ಎತ್ತಿ ಎಸೆಯಲು ನೋಡಬಹುದು. ಪ್ಯಾನೆಲ್ ಕೆಳಗೆ ಜಾರದಂತೆ ಹಿಡಿಯೋದು ಸುಲಭ, ಮೇಲಕ್ಕೆ ಏಳದಂತೆ ಹಿಡಿಯೋದೇ ಕೆಲಸ.

ಮಾರನೇ ಶನಿವಾರ ಅಪ್ಪ ತಾವಾಗಿಯೇ ಶರ್ಟು ಹಾಕಿಕೊಂಡು ರೆಡಿಯಾದರು. ಕಾಮಾಕ್ಷಿಪಾಳ್ಯದ ಒಳಗಲ್ಲಿಗಳು ನಿಮಗೆ ಗೊತ್ತಿದ್ದರೆ ಗೊತ್ತು: ಒಂದು ಬಾಗಿಲಲ್ಲಿ ಲೇತ್, ಇನ್ನೊಂದರಲ್ಲಿ ಪೌಡರ್ ಕೋಟಿಂಗ್, ಮುಂದಿನದರಲ್ಲಿ ವೆಲ್ಡಿಂಗ್ ಕಿಡಿ. ಐಟಿ ಊರು ಅಂತ ಹೆಸರಾದ ಬೆಂಗಳೂರಿಗೆ ಬೇಕಾದ ಬೋಲ್ಟು, ಬ್ರಾಕೆಟ್ಟು, ಗೇಟು ಹುಟ್ಟೋದು ಇಂಥ ಗಲ್ಲಿಗಳಲ್ಲೇ. ಹತ್ತು ನಿಮಿಷದ ದೂರದಲ್ಲಿದ್ದೂ ನಾನು ಯಾವತ್ತೂ ಒಳಗೆ ಕಾಲಿಟ್ಟಿರಲಿಲ್ಲ. ಅಲ್ಲಿನ ಒಬ್ಬ ಫ್ಯಾಬ್ರಿಕೇಶನ್ ಮೇಸ್ತ್ರಿ ಓಮ್ನಿಯನ್ನು ಒಂದು ಸುತ್ತು ಹಾಕಿ, "ಯಜಮಾನ್ರೇ, ಗಟರ್ ಇದೆಯಲ್ಲ, ಇನ್ನೇನು ಯೋಚನೆ?" ಅಂದರು.

ಓಮ್ನಿಯ ಮೇಲ್ಛಾವಣಿಯ ಎರಡೂ ಬದಿಗೆ ಮಳೆನೀರು ಹರಿಯುವ ಗಟರ್ ಇದೆ. ಛಾವಣಿಯ ತಗಡೂ ಪಕ್ಕದ ಬಾಡಿಯೂ ಸೇರಿ ವೆಲ್ಡ್ ಆಗುವ ಜಾಗ ಅದು. ಹಲವು ಪದರ ಮಡಚಿರುವುದರಿಂದ ನಡುವಿನ ತಗಡಿಗಿಂತ ಎಷ್ಟೋ ಗಟ್ಟಿ. ಮೇಸ್ತ್ರಿ ಮೊದಲು ಸ್ಕ್ರೂಡ್ರೈವರ್ ತುದಿಯಿಂದ ಗಟರ್ ಉದ್ದಕ್ಕೂ ಕುಟ್ಟಿ, ತುಕ್ಕು ತಿಂದಿಲ್ಲ ಅಂತ ಖಾತ್ರಿ ಮಾಡಿಕೊಂಡರು. ಆಮೇಲೆ ಮೂರು ಅಡ್ಡಪಟ್ಟಿ, ಆರು ಕಾಲು. ಪ್ರತಿ ಕಾಲಿನ ಕ್ಲ್ಯಾಂಪ್ ಗಟರಿನ ತುಟಿಯನ್ನು ಕೆಳಗಿನಿಂದ ಕಚ್ಚಿ ಹಿಡಿಯುತ್ತೆ, ಮೇಲೆ ಸುಮ್ಮನೆ ಕೂತಿರಲ್ಲ. ಪ್ಯಾನೆಲ್‌ನ ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಕಂಪನಿಯೇ ಕೊಟ್ಟ ತೂತುಗಳಿಗೇ ಸ್ಟೇನ್‌ಲೆಸ್ ಬೋಲ್ಟ್ ಹಾಕಿದರು, ಹೊಸ ತೂತು ಕೊರೆಯಲಿಲ್ಲ. ಅದುರಿದರೂ ಬಿಚ್ಚಿಕೊಳ್ಳದಂತೆ ನೈಲಾನ್ ಬಳೆ ಇರುವ ಲಾಕ್ ನಟ್. ಕಬ್ಬಿಣ, ಅಲ್ಯೂಮಿನಿಯಂ ಒಂದಕ್ಕೊಂದು ತಾಗಿ ನೀರು ಬಿದ್ದರೆ ಸವೆಯುತ್ತೆ ಅಂತ ನಡುವೆ ರಬ್ಬರ್ ಚೂರು.

ಪ್ಯಾನೆಲ್ ಕೆಳಗೆ ನಾಲ್ಕು ಸೆಂಟಿಮೀಟರ್ ಸಂದು ಬಿಟ್ಟೆವು. ಪ್ಯಾನೆಲ್ ಬಿಸಿಯಾದಷ್ಟೂ ವಿದ್ಯುತ್ ಕಮ್ಮಿ, 25 ಡಿಗ್ರಿ ಮೇಲೆ ಪ್ರತಿ ಡಿಗ್ರಿಗೆ ಶೇ 0.4ರ ಹತ್ತಿರ. ಏಪ್ರಿಲ್ ಮಧ್ಯಾಹ್ನ ಪ್ಯಾನೆಲ್ 60 ಡಿಗ್ರಿ ಕಾದರೆ ಶೇ 14ರಷ್ಟು ಹೋಯಿತು ಅಂತಲೇ ಲೆಕ್ಕ. ಸಂದಿನಲ್ಲಿ ಗಾಳಿ ಆಡಿದರೆ ಅಷ್ಟು ಕಾಯಲ್ಲ. ಆದರೆ ಓಡುವಾಗ ಅದೇ ಸಂದಿಗೆ ಗಾಳಿ ನುಗ್ಗಿ ಎತ್ತಬಾರದಲ್ಲ? ಅದಕ್ಕೆ ಮುಂಭಾಗದಲ್ಲಿ ಇಳಿಜಾರಾಗಿ ಬಗ್ಗಿಸಿದ ಒಂದು ತಗಡಿನ ತಡೆ. ಕೊನೆಗೆ ಎರಡೂ ಪ್ಯಾನೆಲ್‌ಗೆ ತೆಳುವಾದ ಸ್ಟೀಲ್ ಹಗ್ಗ ಹಾಕಿ ಅಡ್ಡಪಟ್ಟಿಗೆ ಕಟ್ಟಿದರು. ಬೋಲ್ಟ್ ಕೈಕೊಟ್ಟರೂ ರಸ್ತೆಗೆ ಬೀಳಬಾರದು.

ಪರೀಕ್ಷೆ ಮಾಡೋಣ ಅಂದಿದ್ದು ಅಪ್ಪ. ಶೆಡ್ಡಿನ ಚೈನ್ ಪುಲ್ಲಿಯನ್ನು ಮುಂದಿನ ಅಡ್ಡಪಟ್ಟಿಗೆ ಸಿಕ್ಕಿಸಿ, ನಡುವೆ ಪಕ್ಕದ ಗುಜರಿ ಅಂಗಡಿಯಿಂದ ತಂದ ತೂಗುವ ಕೊಕ್ಕೆ ಹಾಕಿ ಎಳೆದರು. "ಮುಂದಿನದೇ ಅಲ್ವಾ ಮೊದಲು ಏಳೋದು, ಅದನ್ನೇ ಕೇಳೋಣ" ಅಂದರು. 40, 60, 80. ಓಮ್ನಿಯ ಮೂತಿ ಸ್ಪ್ರಿಂಗಿನ ಮೇಲೆ ಮೆಲ್ಲಗೆ ಮೇಲೆದ್ದಿತು. 100 ತೋರಿಸಿದಾಗಲೂ ಒಂದು ಕ್ಲ್ಯಾಂಪೂ ಜಾರಲಿಲ್ಲ. ಅಪ್ಪ ಮತ್ತೆ "ಹೂಂ" ಅಂದರು. ಈ ಸಲದ್ದು ಬೇರೆ "ಹೂಂ".

ವೈರಿಗೂ ತೂತು ಕೊರೆಯಲಿಲ್ಲ. ಹಿಂಬಾಗಿಲಿನ ರಬ್ಬರ್ ಸಂದಿನಿಂದ ಒಳಗೆ ತಂದೆವು. ಒಳಗೆ ಹೋಗುವ ಮುಂಚೆ ವೈರನ್ನು ಸ್ವಲ್ಪ ಕೆಳಕ್ಕೆ ಬಾಗಿಸಿದರೆ ಮಳೆನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತೆ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್. ಎಲ್ಲ ಆದ ಮೇಲೆ ಅಪ್ಪ ನನ್ನ ಕೆಂಪು ನೇಲ್ ಪಾಲಿಶ್ ಕೇಳಿದರು! ಪ್ರತಿ ನಟ್‌ನಿಂದ ಪಟ್ಟಿಯವರೆಗೆ ಒಂದು ಗೆರೆ ಎಳೆದರು. ನಟ್ ಒಂಚೂರು ತಿರುಗಿದರೂ ಗೆರೆ ಮುರಿದು ಕಾಣುತ್ತೆ, ಪಾನಾ ಹಿಡಿಯೋದೇ ಬೇಡ. ಮೊದಲ 50 ಕಿ.ಮೀ. ಆದ ಮೇಲೆ ಎಲ್ಲವನ್ನೂ ಇನ್ನೊಮ್ಮೆ ಬಿಗಿದು ಹೊಸ ಗೆರೆ ಹಾಕಿದೆವು.

ನಿಮ್ಮ ಗಾಡಿಗೆ ಗಟರ್ ಇಲ್ಲದಿದ್ದರೆ? ಒಳಗಿನಿಂದ ಕುಟ್ಟಿ ನೋಡಿ, ಛಾವಣಿಯ ಅಡ್ಡ ಪಕ್ಕೆಲುಬು ಎಲ್ಲಿದೆ ಅಂತ ಗುರುತು ಮಾಡಿಕೊಳ್ಳಿ, ಭಾರ ಅದರ ಮೇಲೇ ಬರಲಿ. ಬೋಲ್ಟ್ ಹಾಕಿದರೆ ಒಳಗಡೆ ಅಗಲವಾದ ಪಟ್ಟಿ ಕೊಡಿ, ಬರೀ ವಾಷರ್ ತಗಡನ್ನು ಹರಿದುಕೊಂಡು ಬರುತ್ತೆ. ಅಂಟೇ ಬೇಕೆಂದರೆ ಬಣ್ಣ, ಪುಟ್ಟಿ ಕೆರೆದು ಗಟ್ಟಿ ಲೋಹ ಕಂಡ ಮೇಲೆ, ಅಂಟಿನ ಕಂಪನಿ ಹೇಳುವ ಪ್ರೈಮರ್ ಹಾಕಿಯೇ ಹಚ್ಚಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿನ್ಯಾಸ ಬದಲಿಸುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಆದ್ದರಿಂದ ಕೊರೆಯುವ, ಕತ್ತರಿಸುವ ಮೊದಲು ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ. ನಾವೂ ಬಿಚ್ಚಿ ತೆಗೆಯಬಹುದಾದ ಕ್ಯಾರಿಯರ್ ಆಗಬಹುದೇ ಅಂತ ಕೇಳಿಕೊಂಡೇ ಮುಂದುವರಿದೆವು.

ಹೋದ ತಿಂಗಳು ಹೊರಟೇಬಿಟ್ಟೆವು. ನೆಲಮಂಗಲ, ಕುಣಿಗಲ್, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಕಳಸ. ಟೀಗೆ ನಿಲ್ಲಿಸಿದ ಕಡೆಯೆಲ್ಲ ಅಪ್ಪ ಮಂಡಿ ನೋವು ಮರೆತು ಫುಟ್‌ಬೋರ್ಡ್ ಹತ್ತಿ ಕೆಂಪು ಗೆರೆ ನೋಡೋದು, "ಸರಿಯಿದೆ" ಅನ್ನೋದು. ಅಮ್ಮ ಫ್ರಿಜ್‌ನ ಮುಚ್ಚಳ ತೆಗೆದು ತಾಪಮಾನ ನೋಡೋದು. ಪದೇಪದೇ ತೆಗೆದರೆ ತಂಪು ಹೋಗುತ್ತೆ ಅಂದರೂ ಕೇಳಲಿಲ್ಲ. ಹೊರನಾಡು ತಲುಪಿದಾಗ ಅದು 5 ಡಿಗ್ರಿ ತೋರಿಸುತ್ತಿತ್ತು. ಸರದಿಯಲ್ಲಿ ಕೂತು ಪ್ರಸಾದದ ಊಟ ಮಾಡಿದಳು, ಅನ್ನ ಮಾತ್ರ ಲೆಕ್ಕ ಮಾಡಿ.

ಆವತ್ತು ನೈಸ್ ರಸ್ತೆಯಲ್ಲಿ ನಮ್ಮನ್ನು ನಿಲ್ಲಿಸಿದ ಸ್ಕೂಟರಿನವರ ಹೆಸರು ಕೇಳಲಿಲ್ಲ, ಗಾಬರಿಯಲ್ಲಿ ಸರಿಯಾಗಿ ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಈಗ ಗಾಡಿ ಓಡಿಸುವಾಗ ಕನ್ನಡಿಯಲ್ಲಿ ಹಿಂದೆ ಯಾರಾದರೂ ಸ್ಕೂಟರಿನಲ್ಲಿ ಬರೋದು ಕಂಡರೆ ಅವರ ನೆನಪಾಗುತ್ತೆ. ಮುಂದಿನ ಸ್ಟಾಪಿನಲ್ಲಿ ಅಪ್ಪನಿಗಿಂತ ಮೊದಲು ನಾನೇ ಇಳಿದು ಕೆಂಪು ಗೆರೆ ನೋಡುತ್ತೇನೆ.